ಪಾವಿಟ್ಟಗೆಯ ಶಾಲೆ: ಸಾಲೋಟಗಿ ಶಾಸನದ ಆದಾಯದ ಲೆಕ್ಕ

ಇಂಡಿ ತಾಲೂಕಿನ ಸಾಲೋಟಗಿಗೆ ಇಂದು ಜನ ಹೋಗುವುದು ಶಿವಯೋಗೇಶ್ವರನ ದರ್ಶನಕ್ಕೆ. ಇತಿಹಾಸದ ಓದುಗರಿಗೆ ಆ ಊರು ಗೊತ್ತಿರುವುದು ಅಲ್ಲಿಯ ಕಂಬದ ಶಾಸನದಿಂದ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಶಕ 867ರ (ಕ್ರಿ.ಶ. 945) ಈ ಸಂಸ್ಕೃತ ಶಾಸನದಲ್ಲಿ ಊರಿನ ಹೆಸರು ಪಾವಿಟ್ಟಗೆ. ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ಶಾಲೆಯೊಂದನ್ನು ಕಟ್ಟಿಸಿದ. ನಾನಾ ಜನಪದಗಳ ವಿದ್ಯಾರ್ಥಿಗಳು ಬಂದು ನೆಲೆಸಿದರು.

ಇದನ್ನು ‘ವಿಶ್ವವಿದ್ಯಾಲಯ’ವೆಂದು ಕೊಂಡಾಡುವುದು ರೂಢಿ. ಆ ಬಿರುದಿನ ಹಂಗು ಶಾಸನಕ್ಕಿಲ್ಲ. ಅದರ ನಿಜವಾದ ಬೆಲೆ ಇರುವುದು ಜಮಾಖರ್ಚಿನಲ್ಲಿ. ವಿದ್ಯಾರ್ಥಿಗಳಿಗಾಗಿ 500 ನಿವರ್ತನ ಭೂಮಿ, ವಾಸಕ್ಕೆ 27 ಮನೆ, ದೀಪಕ್ಕೆ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ. (ನಿವರ್ತನದ ಅಳತೆ ಸೀಮೆಯಿಂದ ಸೀಮೆಗೆ ಬೇರೆಯಾದ್ದರಿಂದ ಎಕರೆಗೆ ಇಳಿಸುವ ಸಾಹಸ ಬೇಡ.) ಈ ದತ್ತಿ ಕೊಟ್ಟವರು ಗ್ರಾಮಮುಖ್ಯನೂ ಊರಿನ ಇನ್ನೂರು ಮಹಾಜನರೂ, ದೊರೆಯಲ್ಲ. ಅಷ್ಟಕ್ಕೇ ಬಿಡದೆ ಅವರು ತಮ್ಮ ಮೇಲೇ ಕಾಣಿಕೆ ಹೇರಿಕೊಂಡರು: ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರಲ್ಲೂ ಅರ್ಧ. ಊರಲ್ಲಿ ಸಮಾರಾಧನೆಯಾದರೆ ಶಾಲೆಯವರಿಗೂ ಶಕ್ತ್ಯನುಸಾರ ಊಟ.

ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನದೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ವೇದಕ್ಕೆ 200, ಶಾಸ್ತ್ರಕ್ಕೆ 52 ವಿದ್ಯಾರ್ಥಿಗಳು, ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು (ಗ್ರಂಥಪಾಲಕರು). ಓದುವವರ ತಲೆಯೆಣಿಕೆ ಖಚಿತ. ಪಾವಿಟ್ಟಗೆಯ ಶಾಸನ ವಿದ್ಯಾರ್ಥಿಗಳ ಸಂಖ್ಯೆ ಹೇಳದೆ, ಹಣ ಯಾವ ಮನೆಯ ಯಾವ ಶುಭಕಾರ್ಯದಿಂದ ಬರಬೇಕೆಂದು ಹೇಳುತ್ತದೆ. ಆಡಳಿತದ ಇತಿಹಾಸಕ್ಕೆ ಈ ಎರಡನೆಯದೇ ಹೆಚ್ಚು ಅಪರೂಪದ ಸಾಕ್ಷ್ಯ.

ಇದು ಎಲ್ಲರ ಶಾಲೆಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಉಪನಯನವೇ ಇಲ್ಲಿ ಆದಾಯದ ಬಾಬತ್ತು. ಎರಡು ಶತಮಾನಗಳ ಬಳಿಕ ಇದೇ ಸೀಮೆಯ ಬಾಗೇವಾಡಿಯ ಅಗ್ರಹಾರದಲ್ಲಿ ಬಸವಣ್ಣ ಉಪನಯನವನ್ನು ನಿರಾಕರಿಸಿದನೆಂದು ಪರಂಪರೆ ಹೇಳುತ್ತದೆ. ಆ ನಿರಾಕರಣೆ ಎಂಥ ಗಟ್ಟಿ ವ್ಯವಸ್ಥೆಗೆ ಎದುರಾಗಿತ್ತು ಎಂಬುದನ್ನು ಸಾಲೋಟಗಿಯ ಪಾಠ ಪಕ್ಕದಲ್ಲಿದ್ದರೆ ಅಂದಾಜಿಸಬಹುದು.

ನಾರಾಯಣ ಕಟ್ಟಿಸಿದ ಶಾಲೆ ಮುಂದೆ ಬಿದ್ದುಹೋಯಿತು. ಸೇಲಾರ ವಂಶದ ಮಹಾಮಂಡಳೇಶ್ವರ ಕಂಚಿಗ ಅದನ್ನು ಮತ್ತೆ ಕಟ್ಟಿಸಿದ. ಆ ಸಂಗತಿಯನ್ನು ಹೇಳುವ ಶಾಸನ ಕನ್ನಡದಲ್ಲಿದೆ.