ಬಾಡಿ ಶೆಲ್ ಬಲಪಡಿಸುವಿಕೆ (ಮೋಟಾರು ಕ್ರೀಡೆ)

ರ್‍ಯಾಲಿ ಅಥವಾ ರೇಸ್ ಟ್ರ್ಯಾಕ್‌ಗೆ ಇಳಿಸುವ ಕಾರಿನ ಒಡಲು ಓಟದಲ್ಲಿ ತಿರುಚದಂತೆ, ಮಗುಚಿದರೂ ಕುಸಿಯದಂತೆ ಗಟ್ಟಿಮಾಡುವ ಕೆಲಸ. ಕರ್ನಾಟಕದಲ್ಲಿ ಇದಕ್ಕೆ ಹೆಚ್ಚು ಅವಕಾಶ ಕೊಟ್ಟದ್ದು ಮಣ್ಣುದಾರಿಯ ಸ್ಪರ್ಧೆಗಳು: ಬೆಂಗಳೂರಿನ ಕೆ-1000 ರ್‍ಯಾಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಓಟಗಳು. ಡಾಂಬರು ಟ್ರ್ಯಾಕ್ ಬೇಕೆಂದವರು ಚೆನ್ನೈ ಬಳಿಯ ಇರುಂಗಾಟ್ಟುಕೋಟೆಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುತ್ತಾರೆ.

1983ರ ಮಾರುತಿ 800ಕ್ಕಾಗಲಿ ಫೋಕ್ಸ್‌ವ್ಯಾಗನ್ ಪೋಲೊಗಾಗಲಿ ಬೇರೆ ಚಾಸಿ ಇಲ್ಲ. ಸ್ಪಾಟ್ ವೆಲ್ಡಿಂಗ್‌ನಿಂದ ಕೂಡಿಸಿದ ತಗಡುಗಳೇ ಭಾರ ಹೊರುತ್ತವೆ. ತಿರುವಿನಲ್ಲಿ ಒಡಲು ತಿರುಚಿದರೆ ಅದೇ ಒಂದು ಸ್ಪ್ರಿಂಗ್ ಆಗುತ್ತದೆ, ಅದನ್ನು ತಡೆಯುವ ಶಾಕ್ ಅಬ್ಸಾರ್ಬರ್ ಇರುವುದಿಲ್ಲ. ಆಗ ಚಕ್ರಗಳ ಕೋನ ತಪ್ಪುತ್ತದೆ, ಸಸ್ಪೆನ್ಷನ್‌ಗೆ ಸುರಿದ ಹಣವೂ ವ್ಯರ್ಥ.

ಮೊದಲು ನೋಡಬೇಕಾದ್ದು ತುಕ್ಕು. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ದಕ್ಷಿಣ ಕನ್ನಡದಲ್ಲಿ, ಸಿದ್ಧಕಟ್ಟೆಯಂಥ ಊರಿನ ಹಳೆಯ ಕಾರಿನ ಫ್ಲೋರ್, ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್‌ನ ಸ್ಟ್ರಟ್ ಕೂರುವ ಜಾಗಗಳನ್ನು ಬಣ್ಣ, ಪುಟ್ಟಿ, ಅಂಡರ್‌ಕೋಟಿಂಗ್ ಕೆರೆದೇ ಪರೀಕ್ಷಿಸಬೇಕು. ತುಕ್ಕಿನ ಮೇಲೆ ಹಾಕಿದ ವೆಲ್ಡಿಂಗ್ ನಿಲ್ಲುವುದಿಲ್ಲ. ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಕೂಡಿಸಿದ ಮೇಲೆ ಸ್ಪಾಟ್ ವೆಲ್ಡ್‌ಗಳ ನಡುವಿನ ಅಂಚುಗಳಿಗೆ ಮಿಗ್ ವೆಲ್ಡಿಂಗ್‌ನಲ್ಲಿ ಗಿಡ್ಡ ಹೊಲಿಗೆಗಳನ್ನು ಬಿಟ್ಟುಬಿಟ್ಟು ಹಾಕುತ್ತಾರೆ. ಒಂದೇ ಏಟಿಗೆ ಉದ್ದಕ್ಕೂ ಎಳೆದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ. ಹೊಸ ಕಾರುಗಳ ಚಾವಣಿ ಹೊರುವ ಕಂಬಗಳಲ್ಲಿರುವ ಅತಿಗಡಸು ಉಕ್ಕು ಶಾಖಕ್ಕೆ ತನ್ನ ಬಲವನ್ನೇ ಕಳೆದುಕೊಳ್ಳಬಹುದು. ಅಲ್ಲಿ ಟಾರ್ಚ್ ಮುಟ್ಟಿಸದಿರುವುದೇ ಲೇಸು.

ನಿಜವಾದ ಬಲ ಬರುವುದು ಕಾರಿನೊಳಗೆ ಕಟ್ಟುವ ಕೊಳವೆಗಳ ಚೌಕಟ್ಟಿನಿಂದ, ಅಂದರೆ ರೋಲ್ ಕೇಜ್‌ನಿಂದ. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ ಎಫ್‌ಐಎ ನಿಯಮದಂತೆ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸದ, 2.5 ಮಿ.ಮೀ. ದಪ್ಪದ (ಅಥವಾ 50 × 2 ಮಿ.ಮೀ.) ಬೆಸುಗೆಗೆರೆಯಿಲ್ಲದ ಉಕ್ಕಿನ ಕೊಳವೆ ಬೇಕು. ಕೇಜ್‌ನ ಕಾಲು ಊರುವಲ್ಲಿ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ಪಟ್ಟಿಯನ್ನು ಒಡಲಿಗೆ ಬೆಸೆದಿರಬೇಕು. ಇಲ್ಲದಿದ್ದರೆ ಕಾರು ಮಗುಚಿದಾಗ ಕೊಳವೆ ಫ್ಲೋರನ್ನೇ ತೂತುಮಾಡಿ ಇಳಿಯುತ್ತದೆ. ಗ್ರಿಲ್ ಅಂಗಡಿಯ ನೀರಿನ ಪೈಪ್ ಬಳಸಿದ ಕೇಜ್ ಪ್ರಾಣಕ್ಕೇ ಅಪಾಯ. ಬಾನೆಟ್ ಕೆಳಗೆ ಎರಡೂ ಬದಿಯ ಸ್ಟ್ರಟ್‌ಗಳ ನೆತ್ತಿಗಳನ್ನು ಜೋಡಿಸುವ ಸ್ಟ್ರಟ್ ಬಾರ್ ಸುಲಭವಾಗಿ ಕೂರುತ್ತದೆ, ಆದರೆ ಮಗುಚಿದಾಗ ಯಾರನ್ನೂ ಕಾಯುವುದಿಲ್ಲ. ಡಿಕ್ಕಿಯ ಹೊಡೆತವನ್ನು ನುಂಗಿಕೊಳ್ಳಲೆಂದೇ ರೂಪಿಸಿದ ಮುಂಭಾಗದ ತಗಡುಗಳನ್ನು ಗಡುಸುಮಾಡಬಾರದು.

ಇಂಥ ಕಾರು ರಸ್ತೆಗಲ್ಲ. ಹೆಲ್ಮೆಟ್ ಇಲ್ಲದ ತಲೆಗೆ ಕೇಜ್‌ನ ಕೊಳವೆಯೇ ಬಡಿಯುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಹಾಗಾಗಿ ಟ್ರ್ಯಾಕ್‌ವರೆಗೆ ಕಾರನ್ನು ಲಾರಿಯಲ್ಲಿ ಸಾಗಿಸುವುದೇ ಸರಿ.