ಮನೆ ಬದಲಿಸಿದ ಬೆಸೆಂಟರ ಮಗಳು

ಆನಿ ಬೆಸೆಂಟ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಹೋಂ ರೂಲ್ ಚಳವಳಿ, ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿ, 1917ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಪೀಠ. ಬೆಂಗಳೂರಿಗರಿಗಾದರೆ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು. ನರೆಗೂದಲಿನ, ಬಿಳಿಯುಡುಗೆಯ ಈ ಮಹಿಳೆಗೆ ಭಾರತಕ್ಕೆ ಬರುವ ಮೊದಲೇ ಇಂಗ್ಲೆಂಡಿನಲ್ಲಿ ಒಬ್ಬ ಮಗ, ಒಬ್ಬ ಮಗಳು ಇದ್ದರು. ಆ ಮಗಳನ್ನು ನ್ಯಾಯಾಲಯವೇ ತಾಯಿಯಿಂದ ಬಿಡಿಸಿ ಬೇರೆ ಮನೆಗೆ ಕಳಿಸಿತೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಮಗಳ ಹೆಸರು ಮೇಬೆಲ್. ಹುಟ್ಟಿದ್ದು 1870ರ ಆಗಸ್ಟಿನಲ್ಲಿ. ತಂದೆ ಫ್ರಾಂಕ್ ಬೆಸೆಂಟ್ ಪಾದ್ರಿ. ಮಗುವಿಗೆ ವರ್ಷ ತುಂಬುವ ಮೊದಲೇ ನಾಯಿಕೆಮ್ಮು ಬಂದು ಉಸಿರಾಡುವುದೇ ಕಷ್ಟವಾಯಿತು. ವಾರಗಟ್ಟಲೆ ಹಗಲು ರಾತ್ರಿ ಆರೈಕೆ ಮಾಡಿದ ತಾಯಿಗೆ, ಏನೂ ಅರಿಯದ ಕೂಸನ್ನು ಹೀಗೆ ನರಳಿಸುವ ದೇವರು ಎಂಥವನೆಂಬ ಪ್ರಶ್ನೆ ಎದ್ದಿತು. ಮಗು ಉಳಿಯಿತು, ತಾಯಿಯ ನಂಬಿಕೆ ಉಳಿಯಲಿಲ್ಲ. 1872ರಲ್ಲಿ ಫ್ರಾಂಕ್‌ಗೆ ಲಿಂಕನ್‌ಷೈರಿನ ಸಿಬ್ಸಿ ಎಂಬ ಹಳ್ಳಿಯ ಚರ್ಚಿನ ಹೊಣೆ ಬಂತು. ಹೆಂಡತಿ ಚರ್ಚಿನ ಪ್ರಸಾದ ಸ್ವೀಕರಿಸದೆ ಎದ್ದುಹೋದರೆ ಪಾದ್ರಿಯ ಗತಿಯೇನು? ಪ್ರಸಾದ ಸ್ವೀಕರಿಸಬೇಕು, ಇಲ್ಲವೇ ಮನೆ ಬಿಡಬೇಕು ಎಂದು ಗಂಡ ಕಟ್ಟುನಿಟ್ಟಾಗಿ ಹೇಳಿದರು. ಆನಿ ಮನೆ ಬಿಟ್ಟರು.

1873ರ ಅಕ್ಟೋಬರಿನಲ್ಲಿ ಇಬ್ಬರ ನಡುವೆ ಬೇರ್ಪಡೆಯ ಕರಾರು ಆಯಿತು. ಮಗ ಡಿಗ್ಬಿ ತಂದೆಗೆ, ಮೂರು ವರ್ಷದ ಮೇಬೆಲ್ ತಾಯಿಗೆ. ಆಸ್ತಿ ಪಾಲಾದಂತೆ ಮಕ್ಕಳೂ ಪಾಲಾದರು.

ಗಂಡ ಕೊಡುತ್ತಿದ್ದ ಅಲ್ಪ ಮೊತ್ತದಲ್ಲಿ ಸಂಸಾರ ಸಾಗದೆ ಆನಿ, ಫೋಕ್‌ಸ್ಟನ್ ಪಟ್ಟಣದ ಒಬ್ಬ ಪಾದ್ರಿಯ ಮನೆಯಲ್ಲಿ ಕೆಲಸಕ್ಕೆ ಸೇರಿದರು. ಮಕ್ಕಳಿಗೆ ಪಾಠ ಹೇಳುವುದು, ಅಡುಗೆ, ರೋಗಿಗಳ ಶುಶ್ರೂಷೆ ಎಲ್ಲವೂ ಅವರ ಪಾಲಿಗೆ ಬಂತು. ಮಗಳನ್ನು ಜೊತೆಗಿಟ್ಟುಕೊಳ್ಳಲು ಅವಕಾಶವಿದ್ದುದೇ ಆ ನೌಕರಿಯ ದೊಡ್ಡ ಅನುಕೂಲ. ಮುಂದೆ ಲಂಡನ್ನಿನ ಸಣ್ಣ ಮನೆಯೇ ಮೇಬೆಲ್‌ಳ ಮನೆಯಾಯಿತು. ಕರಾರಿನಂತೆ ಆಗಾಗ ತಂದೆಯ ಬಳಿಗೂ ಹೋಗಬೇಕಿತ್ತು. 1875ರಲ್ಲಿ ಹೀಗೆ ಸಿಬ್ಸಿಗೆ ಹೋದವಳನ್ನು ತಂದೆ ವಾಪಸು ಕಳಿಸಲು ಒಪ್ಪಲಿಲ್ಲ. ಕೋರ್ಟಿಗೆ ಹೋಗುವುದಾಗಿ ತಾಯಿ ಗದರಿದ ಮೇಲಷ್ಟೇ ಹುಡುಗಿ ಹಿಂತಿರುಗಿದಳು.

ಅಷ್ಟರಲ್ಲಿ ಆನಿ ನಾಸ್ತಿಕವಾದಿ ಚಾರ್ಲ್ಸ್ ಬ್ರಾಡ್ಲಾ ಜೊತೆ ಸಾರ್ವಜನಿಕ ವೇದಿಕೆ ಏರಿದ್ದರು. 1877ರಲ್ಲಿ ಇಬ್ಬರೂ ಸೇರಿ ಸಂತಾನ ನಿಯಂತ್ರಣ ಕುರಿತ ಒಂದು ಹಳೆಯ ಕಿರುಹೊತ್ತಗೆಯನ್ನು ಮರುಪ್ರಕಟಿಸಿ ಅಶ್ಲೀಲತೆಯ ಮೊಕದ್ದಮೆಗೆ ಗುರಿಯಾದರು. ಆರು ತಿಂಗಳ ಸಜೆ, 200 ಪೌಂಡ್ ದಂಡದ ಆ ತೀರ್ಪು ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣದಿಂದ ಬಿದ್ದುಹೋಯಿತು. ಆದರೆ ಫ್ರಾಂಕ್‌ಗೆ ಬೇಕಾದ ಅಸ್ತ್ರ ಸಿಕ್ಕಿತ್ತು. ನಾಸ್ತಿಕತೆ ಸಾರುವ, ಇಂಥ ಪುಸ್ತಕ ಮಾರುವ ತಾಯಿಯ ಬಳಿ ಮಗಳಿರುವುದು ತರವಲ್ಲವೆಂದು ಅವರು ಕೋರ್ಟಿನ ಮೆಟ್ಟಿಲೇರಿದರು. ಶಾಲೆಯಲ್ಲಿ ಮಗುವಿಗೆ ಮತಬೋಧೆ ತಪ್ಪಿಸಿದ್ದಾರೆಂಬುದೂ ಒಂದು ಆಪಾದನೆ.

1878ರ ಮೇ ತಿಂಗಳಲ್ಲಿ ವಿಚಾರಣೆ. ನ್ಯಾಯಾಧೀಶ ಸರ್ ಜಾರ್ಜ್ ಜೆಸೆಲ್. ವಕೀಲರಿಲ್ಲದೆ ಹೆಂಗಸೊಬ್ಬಳು ತಾನೇ ವಾದಿಸಲು ನಿಂತದ್ದೇ ಅವರಿಗೆ ಹಿಡಿಸಲಿಲ್ಲ. ಬೇರ್ಪಡೆಯ ಕರಾರುಗಳನ್ನು 1873ರ ಇಂಗ್ಲಿಷ್ ಕಾಯ್ದೆ ಮಾನ್ಯ ಮಾಡಿತ್ತಾದರೂ, ಮಗುವಿನ ಹಿತಕ್ಕೆ ಬಾಧಕವೆನಿಸಿದರೆ ಅದನ್ನು ತಳ್ಳಿಹಾಕುವ ಅಧಿಕಾರ ಕೋರ್ಟಿಗಿತ್ತು. ತಾಯಿಗೆ ಮಗಳ ಮೇಲೆ ಪ್ರೀತಿಯಿದೆ ಎಂಬುದನ್ನು ಒಪ್ಪಿಯೂ ಜೆಸೆಲ್ ಮಗಳನ್ನು ತಂದೆಗೊಪ್ಪಿಸಿದರು. ಮಗುವಿನ ಹಿತವೆಂಬ ಮಾತು ಎಷ್ಟು ಸಡಿಲವಾದದ್ದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಮೇಬೆಲ್ ಆಗಷ್ಟೇ ಜ್ವರದಿಂದ ಏಳುತ್ತಿದ್ದಳು. ತಂದೆಯ ಕಡೆಯವರು ಬಂದಾಗ ಹುಡುಗಿ ಚೀರಾಡಿ, ಕೊಸರಾಡಿದರೂ ಎತ್ತಿಕೊಂಡು ಹೋದರೆಂದು ಆನಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಎಂಟು ತುಂಬದ ಹುಡುಗಿಯ ಇಚ್ಛೆಗೆ ಆಗಿನ ಕಾನೂನಿನಲ್ಲಿ ಬೆಲೆಯಿರಲಿಲ್ಲ. ಹೆಣ್ಣುಮಕ್ಕಳಿಗೆ ತಿಳಿವಳಿಕೆಯ ವಯಸ್ಸೆಂದು ನ್ಯಾಯಾಲಯಗಳು ಎಣಿಸುತ್ತಿದ್ದುದು 16. ದೇವರಿಲ್ಲದ ಮನೆಯಿಂದ ಬಂದವಳು ಪಾದ್ರಿಯ ಮಗಳಾಗಿ ಬೆಳೆಯಬೇಕಾಯಿತು.

ಮಕ್ಕಳನ್ನು ನೋಡುವ ಹಕ್ಕು 1879ರಲ್ಲಿ ಮೇಲ್ಮನವಿಯ ಹಂತದಲ್ಲಿ ತಾಯಿಗೆ ದೊರೆಯಿತು. ಆದರೆ ಆಕೆ ಅದನ್ನು ಬಳಸಲಿಲ್ಲ. ಮಕ್ಕಳು ಬೆಳೆದು, ತಾವೇ ತೂಗಿ ನೋಡುವ ವಯಸ್ಸಿಗೆ ಬರುವವರೆಗೆ ಭೇಟಿಯೂ ಬೇಡ, ಪತ್ರವೂ ಬೇಡ ಎಂದು ನಿಶ್ಚಯಿಸಿದರು. ಅತ್ತಿತ್ತ ಎಳೆದಾಟ ತಪ್ಪಲೆಂಬ ಯೋಚನೆ ಅದು. ಹತ್ತು ವರ್ಷಕ್ಕೂ ಮೀರಿದ ಆ ಮೌನ ಮಗಳಿಗೆ ಉಪಕಾರವಾಯಿತೋ ಇನ್ನೊಂದು ಗಾಯವಾಯಿತೋ ಎಂಬುದು ಬೇರೆ ಮಾತು. ಪ್ರಾಯಕ್ಕೆ ಬಂದ ಮೇಲೆ ಡಿಗ್ಬಿ, ಮೇಬೆಲ್ ಇಬ್ಬರೂ ತಾಯಿಯನ್ನು ಹುಡುಕಿಕೊಂಡು ಬಂದರು. ಮೇಬೆಲ್ 1892ರಲ್ಲಿ ಅರ್ನೆಸ್ಟ್ ಸ್ಕಾಟ್ ಎಂಬ ಪತ್ರಕರ್ತನನ್ನು ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಹೋದಳು. ಸ್ಕಾಟ್ ಮುಂದೆ ಅಲ್ಲಿ ಹೆಸರಾಂತ ಇತಿಹಾಸಕಾರನಾದ. ಆ ದಾಂಪತ್ಯವೂ ಮುರಿಯಿತು.

ಮಗಳನ್ನು ಕಳೆದುಕೊಂಡ ಬೆಸೆಂಟ್ ಮತ್ತೆ ಅಂಥದೇ ಮೊಕದ್ದಮೆಯಲ್ಲಿ ಸಿಕ್ಕಿಕೊಂಡರು, ಈ ಸಲ ಎದುರು ಪಕ್ಷದಲ್ಲಿ. ಜಿಡ್ಡು ಕೃಷ್ಣಮೂರ್ತಿ ಮತ್ತು ತಮ್ಮ ನಿತ್ಯಾನಂದರ ಪೋಷಣೆಯನ್ನು ತಂದೆ ನಾರಾಯಣಯ್ಯ 1910ರಲ್ಲಿ ಆಕೆಗೆ ಬರೆದುಕೊಟ್ಟಿದ್ದರು. 1912ರಲ್ಲಿ ಮಕ್ಕಳನ್ನು ಹಿಂದಿರುಗಿಸಿ ಎಂದು ದಾವೆ ಹೂಡಿದರು. ಮದ್ರಾಸ್ ಹೈಕೋರ್ಟಿನಲ್ಲೂ ಬೆಸೆಂಟ್ ತಾವೇ ವಾದಿಸಿ ಸೋತರು. 1914ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ತೀರ್ಪನ್ನು ರದ್ದುಮಾಡಿತು. ಹುಡುಗರು ಇಂಗ್ಲೆಂಡಿನಲ್ಲಿದ್ದರು, ಅವರ ಇಚ್ಛೆಯನ್ನು ಮದ್ರಾಸಿನಲ್ಲಿ ಯಾರೂ ಕೇಳಿರಲಿಲ್ಲ ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಭಾರತದ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ 17ನೇ ಕಲಮಿನಲ್ಲಿ, ತಿಳಿವಳಿಕೆ ಬಂದ ಮಗುವಿನ ಒಲವನ್ನು ಕೋರ್ಟು ಪರಿಗಣಿಸಬಹುದು ಎಂಬ ಮಾತು ಆಗಲೇ ಇತ್ತು. ಅದು ಈಗಲೂ ಜಾರಿಯಲ್ಲಿದೆ.