ಲೇಸರ್‌ನಿಂದ ಎಲ್ಲ ಕಲೆಯೂ ಮಾಯವಾಗುತ್ತದೆಯೇ? ಆಫರ್ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಮದುವೆ ಸೀಸನ್ ಹತ್ತಿರ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಬಂಗು, ಮೊಡವೆ ಕಲೆ ಎಲ್ಲವೂ ಒಂದೇ ಸಿಟಿಂಗ್‌ನಲ್ಲಿ ಮಾಯ ಎನ್ನುವ ಆಫರ್ ಒಂದು. ಲೇಸರ್ ಮಾಡಿಸಿದರೆ ಚರ್ಮದ ಕ್ಯಾನ್ಸರ್ ಬರುತ್ತದೆ, ಎಲ್ಲರಿಗೂ ತಿಳಿಸಿ ಎನ್ನುವ ಎಚ್ಚರಿಕೆ ಇನ್ನೊಂದು. ಎರಡೂ ಸರಿಯಲ್ಲ.

ಚಿಕ್ಕ ಉತ್ತರ ಇಷ್ಟು: ಕೆಲವು ಕಲೆಗಳಿಗೆ ಲೇಸರ್ ನಿಜಕ್ಕೂ ಒಳ್ಳೆಯ ಚಿಕಿತ್ಸೆ. ಕೆಲವಕ್ಕೆ ಅದರ ಅಗತ್ಯವೇ ಇಲ್ಲ. ಇನ್ನು ಕೆಲವನ್ನು ಅದು ಮತ್ತಷ್ಟು ಕಪ್ಪಾಗಿಸಬಹುದು. ನಿಮ್ಮದು ಯಾವ ಕಲೆ ಎಂಬುದು ಮೊದಲು ಗೊತ್ತಾಗಬೇಕು.

ಲೇಸರ್ ಚರ್ಮದಲ್ಲಿ ಮಾಡುವುದೇನು?

ಲೇಸರ್ ಎಂದರೆ ಒಂದೇ ತರಂಗಾಂತರದ, ಬಹಳ ಸಾಂದ್ರವಾದ ಬೆಳಕು. ಅಮೆರಿಕದ ಭೌತವಿಜ್ಞಾನಿ ಥಿಯೋಡೋರ್ ಮೈಮನ್ 1960ರಲ್ಲಿ ಮೊದಲ ಲೇಸರ್ ಉಪಕರಣವನ್ನು ತಯಾರಿಸಿದರು. ಕೆಲವೇ ವರ್ಷಗಳಲ್ಲಿ ಲಿಯಾನ್ ಗೋಲ್ಡ್‌ಮನ್ ಎಂಬ ಚರ್ಮವೈದ್ಯರು ಅದನ್ನು ಚರ್ಮದ ಮೇಲೆ ಪ್ರಯೋಗಿಸಿ ನೋಡಿದರು. ಆದರೆ ಇಂದಿನ ಚಿಕಿತ್ಸೆಗೆ ಅಡಿಪಾಯ ಬಿದ್ದದ್ದು 1983ರಲ್ಲಿ. ಸರಿಯಾದ ತರಂಗಾಂತರದ ಬೆಳಕನ್ನು ಕ್ಷಣದ ಸಣ್ಣ ಭಾಗದಷ್ಟು ಹೊತ್ತು ಹಾಯಿಸಿದರೆ, ಅದನ್ನು ಹೀರುವ ವಸ್ತು ಮಾತ್ರ ಬಿಸಿಯಾಗಿ ಸುತ್ತಲಿನ ಚರ್ಮ ಉಳಿಯುತ್ತದೆ ಎಂಬ ತತ್ವವನ್ನು ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಆ ವರ್ಷ ಮುಂದಿಟ್ಟರು.

ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರ್‌ನ ಕಪ್ಪು ಸೀಟು ಕೂರಲಾಗದಷ್ಟು ಕಾಯುತ್ತದೆ, ಪಕ್ಕದ ಬಿಳಿ ಗೋಡೆ ಅಷ್ಟು ಕಾಯುವುದಿಲ್ಲ. ಇದೂ ಹಾಗೆಯೇ. ಬಣ್ಣದ ಕಲೆಗೆ ಬಳಸುವ ಲೇಸರ್‌ನ ಬೆಳಕನ್ನು ಚರ್ಮದ ಮೆಲನಿನ್ ಹೀರುತ್ತದೆ. ಗುಳಿಬಿದ್ದ ಕಲೆಗೆ ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರ್ (10,600 ನ್ಯಾನೋಮೀಟರ್) ಚರ್ಮದಲ್ಲಿರುವ ನೀರನ್ನು ಗುರಿಯಾಗಿಸಿಕೊಳ್ಳುತ್ತದೆ.

ನಮ್ಮ ಚರ್ಮಕ್ಕೆ ಎಚ್ಚರ ಏಕೆ ಬೇಕು?

ಬಿಸಿಲಿಗೆ ಚರ್ಮ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದನ್ನು ನೋಡಿ ವೈದ್ಯರು ಅದನ್ನು 1ರಿಂದ 6ರವರೆಗೆ ವಿಂಗಡಿಸುತ್ತಾರೆ. ಇದಕ್ಕೆ ಫಿಟ್ಜ್‌ಪ್ಯಾಟ್ರಿಕ್ ಮಾಪಕ ಎಂದು ಹೆಸರು. ಭಾರತೀಯರಲ್ಲಿ ಹೆಚ್ಚಿನವರು 3ರಿಂದ 5ರ ನಡುವೆ ಬರುತ್ತಾರೆ. ಅಂದರೆ ನಮ್ಮಲ್ಲಿ ಕಲೆಯಲ್ಲಷ್ಟೇ ಅಲ್ಲ, ಸುತ್ತಲಿನ ಆರೋಗ್ಯವಂತ ಚರ್ಮದಲ್ಲೂ ಮೆಲನಿನ್ ಧಾರಾಳವಾಗಿದೆ. ಬೆಳಕಿನ ತೀವ್ರತೆ ಸ್ವಲ್ಪ ಹೆಚ್ಚಾದರೂ ಆ ಚರ್ಮವೂ ಬೇಯುತ್ತದೆ. ಬೆಂದ ಜಾಗ ವಾಸಿಯಾಗುವಾಗ ಇನ್ನಷ್ಟು ಮೆಲನಿನ್ ತಯಾರಾಗಿ ಹೊಸ ಕಪ್ಪು ಕಲೆ ಮೂಡುತ್ತದೆ. ಸೊಳ್ಳೆ ಕಚ್ಚಿದ ಜಾಗವನ್ನು ಕೆರೆದುಕೊಂಡರೆ ಕಪ್ಪಾಗಿ ಉಳಿಯುತ್ತದಲ್ಲ, ಅದೇ ಕಾರಣ.

ಆದ್ದರಿಂದಲೇ ಕಂದು ಚರ್ಮಕ್ಕೆ 1,064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಬಳಕೆಯಲ್ಲಿದೆ. ಈ ತರಂಗಾಂತರವನ್ನು ಮೆಲನಿನ್ ಕಡಿಮೆ ಹೀರುವುದರಿಂದ ಮೇಲ್ಪದರ ಸುಡುವ ಅಪಾಯವೂ ಕಡಿಮೆ. ಬಿಳಿ ಚರ್ಮದವರ ‘ಮೊದಲು-ನಂತರ’ ಫೋಟೋ ನೋಡಿ ನಮಗೂ ಹಾಗೇ ಆಗುತ್ತದೆ ಎಂದುಕೊಳ್ಳುವಂತಿಲ್ಲ.

ಹೆಸರು ಒಂದೇ ‘ಕಲೆ’, ಚಿಕಿತ್ಸೆ ಬೇರೆ ಬೇರೆ

ಮೊಡವೆ ಬಿಟ್ಟುಹೋದ ಕಪ್ಪು ಗುರುತು: ಮುಟ್ಟಿದರೆ ಸಮತಟ್ಟಾಗಿರುತ್ತದೆ. ಹೊಸ ಮೊಡವೆ ಬರದಂತೆ ನೋಡಿಕೊಂಡು, ಚಿವುಟದೆ, ಸನ್‌ಸ್ಕ್ರೀನ್ ಹಚ್ಚುತ್ತಿದ್ದರೆ ಹೆಚ್ಚಿನವು ಕೆಲವು ತಿಂಗಳಲ್ಲಿ ತಾವಾಗಿಯೇ ತಿಳಿಯಾಗುತ್ತವೆ. ಇದಕ್ಕೆ ಮೊದಲ ದಿನವೇ ಲೇಸರ್ ಬೇಕಿಲ್ಲ.

ಮೊಡವೆಯ ಗುಳಿ: ಇಲ್ಲಿ ಚರ್ಮದ ಒಳಪದರವೇ ಕುಸಿದಿರುತ್ತದೆ, ಕ್ರೀಮ್‌ನಿಂದ ಗುಳಿ ತುಂಬುವುದಿಲ್ಲ. ಫ್ರ್ಯಾಕ್ಷನಲ್ ಲೇಸರ್ ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಮಾಡುತ್ತದೆ. ನಡುವೆ ಉಳಿದ ಚರ್ಮ ಅವನ್ನು ಬೇಗ ವಾಸಿ ಮಾಡುತ್ತದೆ, ಒಳಗೆ ಹೊಸ ಕೊಲಾಜೆನ್ ಬೆಳೆಯುತ್ತದೆ. ಇದಕ್ಕೆ ಹಲವು ಸಿಟಿಂಗ್ ಬೇಕು, ಪೂರ್ತಿ ಫಲ ಕಾಣಲು ತಿಂಗಳುಗಳೇ ಹಿಡಿಯುತ್ತವೆ. ಗುಳಿಗಳ ಆಳ ಕಡಿಮೆಯಾಗುತ್ತದೆ, ಮುಖ ಮೊದಲಿನಂತೆ ನುಣುಪಾಗುವುದಿಲ್ಲ. ಸೂಜಿ ಚುಚ್ಚಿದಂತಿರುವ ಕಿರಿದಾದ ಆಳದ ಗುಳಿಗಳಿಗೆ ಬೇರೆ ವಿಧಾನಗಳನ್ನೂ ಜೊತೆಗೆ ಬಳಸಬೇಕಾಗುತ್ತದೆ.

ಬಂಗು: ಕೆನ್ನೆ, ಮೂಗು, ಹಣೆಯ ಮೇಲೆ ಕಂದು ಬಣ್ಣ ಹರಡುವ ಇದನ್ನು ವೈದ್ಯರು ಮೆಲಾಸ್ಮಾ ಎನ್ನುತ್ತಾರೆ. ಬಸುರಿಯರಲ್ಲಿ ಮತ್ತು ಹೆರಿಗೆಯ ನಂತರ ಹೆಚ್ಚು ಕಾಣುತ್ತದೆ. ಹಾರ್ಮೋನು, ಬಿಸಿಲು, ವಂಶವಾಹಿ ಎಲ್ಲವೂ ಇದಕ್ಕೆ ಕಾರಣ. ಆಫರ್‌ಗಳನ್ನು ನಂಬಿ ಹೆಚ್ಚು ಜನ ಮೋಸಹೋಗುವುದು ಇಲ್ಲಿಯೇ. ಲೇಸರ್‌ನಿಂದ ಬಂಗು ತಾತ್ಕಾಲಿಕವಾಗಿ ತಿಳಿಯಾದರೂ ಮರಳುವುದು ಸಾಮಾನ್ಯ, ಕೆಲವರಲ್ಲಿ ಮೊದಲಿಗಿಂತ ಕಪ್ಪಾಗುತ್ತದೆ. ಪದೇ ಪದೇ ‘ಟೋನಿಂಗ್’ ಮಾಡಿಸಿದವರಲ್ಲಿ ಸಣ್ಣ ಬಿಳಿ ಚುಕ್ಕೆಗಳು ಮೂಡುವುದೂ ಉಂಟು. ಬಂಗಿಗೆ ಮೊದಲ ಚಿಕಿತ್ಸೆ ಸನ್‌ಸ್ಕ್ರೀನ್ ಮತ್ತು ವೈದ್ಯರು ಬರೆದುಕೊಡುವ ಔಷಧಿ. ಅವು ಸಾಲದಿದ್ದರೆ ಮಾತ್ರ ಲೇಸರ್‌ನ ಮಾತು.

ಓಟಾ ಮಚ್ಚೆ: ಕಣ್ಣಿನ ಸುತ್ತ, ಸಾಮಾನ್ಯವಾಗಿ ಮುಖದ ಒಂದೇ ಬದಿಯಲ್ಲಿ, ಹುಟ್ಟಿನಿಂದ ಅಥವಾ ಹರೆಯದಲ್ಲಿ ಕಾಣಿಸಿಕೊಳ್ಳುವ ನೀಲಿ-ಬೂದು ಮಚ್ಚೆ. ಇದಕ್ಕೆ ಕ್ರೀಮ್ ಉಪಯೋಗವಿಲ್ಲ. ಕ್ಯೂ-ಸ್ವಿಚ್ಡ್ ಲೇಸರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಹಲವು ಸಿಟಿಂಗ್ ಬೇಕಾಗುತ್ತದೆ.

ಉಬ್ಬಿ ಬೆಳೆಯುವ ಕಲೆ: ಗಾಯದ ಅಂಚನ್ನೂ ಮೀರಿ ಬೆಳೆಯುವ ಇದು ಕೀಲಾಯ್ಡ್. ಎದೆ, ಭುಜ, ಕಿವಿಯ ಹಾಲೆಯಲ್ಲಿ ಹೆಚ್ಚು. ಹೊಸ ಗಾಯವಾದರೆ ಇದು ಇನ್ನೂ ಬೆಳೆಯಬಹುದು. ಹಾಗಾಗಿ ಸುಡುವ ಬಗೆಯ ಲೇಸರ್‌ಗೆ ಆತುರ ಬೇಡ. ಸಾಮಾನ್ಯವಾಗಿ ಮೊದಲು ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ.

ವಯಸ್ಸು ಕಡಿಮೆ ಕಾಣುತ್ತದೆಯೇ? ಬೆಳ್ಳಗಾಗುತ್ತೇವೆಯೇ?

ಫ್ರ್ಯಾಕ್ಷನಲ್ ಲೇಸರ್‌ನಿಂದ ಸಣ್ಣ ಸುಕ್ಕುಗಳು ಕಡಿಮೆಯಾಗಬಹುದು, ಚರ್ಮ ಸ್ವಲ್ಪ ಬಿಗಿಯಾಗಬಹುದು. ಆದರೆ ವಯಸ್ಸಾಗುವುದು ನಿಲ್ಲುವುದಿಲ್ಲ. ಬಿಸಿಲು, ಬೀಡಿ-ಸಿಗರೇಟು ಮುಂದುವರಿದರೆ ಸುಕ್ಕುಗಳೂ ಮುಂದುವರಿಯುತ್ತವೆ. ‘ಕಾರ್ಬನ್ ಪೀಲ್’, ‘ಲೇಸರ್ ಫೇಶಿಯಲ್’ಗಳಿಂದ ಸಿಗುವ ಹೊಳಪು ತಾತ್ಕಾಲಿಕ. ನಿಮ್ಮ ಹುಟ್ಟುಬಣ್ಣವನ್ನು ಶಾಶ್ವತವಾಗಿ ಬದಲಿಸುವ ಲೇಸರ್ ಇಲ್ಲ.

ಕ್ಯಾನ್ಸರ್ ಬರುತ್ತದೆಯೇ?

ಈ ಚಿಕಿತ್ಸೆಗಳಲ್ಲಿ ಬಳಸುವುದು ಕಣ್ಣಿಗೆ ಕಾಣುವ ಬೆಳಕು ಅಥವಾ ಅವಗೆಂಪು ಕಿರಣ. ಎಕ್ಸ್-ರೇ ಅಥವಾ ಅತಿನೇರಳೆ ಕಿರಣದಂತೆ ಇವು ಡಿಎನ್‌ಎಗೆ ನೇರ ಹಾನಿ ಮಾಡುವುದಿಲ್ಲ. ಇವುಗಳಿಂದ ಚರ್ಮದ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರವಿಲ್ಲ.

ಆದರೆ ಇತ್ತೀಚೆಗೆ ಬೆಳೆಯುತ್ತಿರುವ, ಬಣ್ಣ ಬದಲಾದ, ರಕ್ತ ಒಸರುವ ಮಚ್ಚೆಯನ್ನು ಪರೀಕ್ಷಿಸದೆ ಲೇಸರ್‌ನಿಂದ ತೆಗೆಸಬೇಡಿ. ಅದು ಕ್ಯಾನ್ಸರ್ ಆಗಿದ್ದರೆ ಮೇಲಿನ ಗುರುತು ಅಳಿದು, ರೋಗ ಪತ್ತೆಯಾಗುವುದು ತಡವಾಗುತ್ತದೆ. ಲೇಸರ್‌ನ ನಿಜವಾದ ಅಪಾಯಗಳೆಂದರೆ ಸುಟ್ಟ ಗಾಯ, ಹೊಸ ಕಪ್ಪು ಅಥವಾ ಬಿಳಿ ಕಲೆ, ಸೋಂಕು ಮತ್ತು ರಕ್ಷಣೆ ಇಲ್ಲದಿದ್ದರೆ ಕಣ್ಣಿಗೆ ಹಾನಿ.

ಮಾಡಿಸುವ ಮುನ್ನ

1. ಚರ್ಮರೋಗ ತಜ್ಞರಿಗೆ ತೋರಿಸಿ, ಯಾವ ಕಲೆ ಎಂದು ಹೆಸರು ಕೇಳಿಕೊಳ್ಳಿ. ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಯಾವುದೇ ಇರಲಿ, ಓದಿದ್ದು ಚರ್ಮರೋಗ ವಿಭಾಗದಲ್ಲೇ ಎಂದು ನೋಡಿಕೊಳ್ಳಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗೆ ಕೆಪಿಎಂಇ ಕಾಯ್ದೆಯಡಿ ನೋಂದಣಿ ಕಡ್ಡಾಯ. ಬ್ಯೂಟಿ ಪಾರ್ಲರ್ ಕ್ಲಿನಿಕ್ ಅಲ್ಲ.

2. ಮೆಡಿಕಲ್ ಶಾಪ್‌ನಿಂದ ತಂದು ತಿಂಗಳುಗಟ್ಟಲೆ ಹಚ್ಚಿದ ‘ಬಿಳುಪು’ ಕ್ರೀಮ್ ಇದ್ದರೆ ಮುಚ್ಚಿಡದೆ ಹೇಳಿ. ಅಂಥ ಹಲವು ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇದ್ದು, ಚರ್ಮ ತೆಳುವಾಗಿರುತ್ತದೆ.

3. ಬಸುರಿಯಾಗಿದ್ದರೆ, ತುಟಿಯ ಸುತ್ತ ಸರ್ಪಸುತ್ತಿನಂಥ ಗುಳ್ಳೆಗಳು ಆಗಾಗ ಬರುತ್ತಿದ್ದರೆ, ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ತಿಳಿಸಿ.

4. ಯಾವ ಲೇಸರ್, ಎಷ್ಟು ಸಿಟಿಂಗ್, ಒಟ್ಟು ಖರ್ಚೆಷ್ಟು, ಎಷ್ಟರ ಮಟ್ಟಿಗೆ ಸುಧಾರಿಸಬಹುದು ಎಂದು ಕೇಳಿ. ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸಿ ನೋಡಲು ಸಾಧ್ಯವೇ ಎಂದೂ ಕೇಳಿ. ನೂರಕ್ಕೆ ನೂರು ಗ್ಯಾರಂಟಿ ಎಂದರೆ ಎದ್ದು ಬನ್ನಿ.

5. ಮದುವೆಗೆ ಕೆಲವೇ ದಿನ ಇದ್ದಾಗ ಮೊದಲ ಸಿಟಿಂಗ್ ಬೇಡ. ಫ್ರ್ಯಾಕ್ಷನಲ್ ಲೇಸರ್ ನಂತರ ಮುಖ ಕೆಂಪಾಗಿ ಹಕ್ಕಳೆ ಕಟ್ಟುತ್ತದೆ, ಅದು ಉದುರಲು ಸುಮಾರು ಒಂದು ವಾರ ಬೇಕು. ಹೊಸ ಕಪ್ಪು ಕಲೆ ಮೂಡಿದರೆ ಹೋಗಲು ತಿಂಗಳುಗಳು.

6. ನಂತರ ಹಕ್ಕಳೆ ಕೀಳಬೇಡಿ. ಬಿಸಿಲು ತಪ್ಪಿಸಿ. ವೈದ್ಯರು ಹೇಳಿದ ದಿನದಿಂದ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ ಹಚ್ಚಿ.

ನಮ್ಮ ತೀರ್ಮಾನ

‘ಒಂದೇ ಸಿಟಿಂಗ್‌ನಲ್ಲಿ ಎಲ್ಲ ಕಲೆ ಮಾಯ’ ಎಂಬುದು ಸುಳ್ಳು. ‘ಲೇಸರ್‌ನಿಂದ ಕ್ಯಾನ್ಸರ್’ ಎಂಬುದಕ್ಕೂ ಆಧಾರವಿಲ್ಲ. ಬಂಗು ಇರುವವರು ಕಾಯಿಲೆಯವರಂತೆ ಹೆದರಬೇಕಾಗಿಲ್ಲ, ಅದರಿಂದ ಜೀವಕ್ಕೆ ಅಪಾಯವಿಲ್ಲ. ಆತುರದ ಚಿಕಿತ್ಸೆಯಿಂದ ಬಂದ ಸುಟ್ಟ ಕಲೆ ಮಾತ್ರ ಬಹುಕಾಲ ಉಳಿದುಬಿಡಬಹುದು. ನಿಮ್ಮ ಗುಂಪಿಗೆ ಇಂಥ ಆಫರ್ ಬಂದರೆ ಕೆಳಗೆ ಒಂದೇ ಪ್ರಶ್ನೆ ಬರೆಯಿರಿ: ‘ಯಾವ ಕಲೆಗೆ?’